ಬೆಳ್ಳಿಯ ಭರವಸೆ, ಹೆದ್ದಾರಿಯ ಹೊಗೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಕಡಲಿಗೂ ಸಹ್ಯಾದ್ರಿಯ ಬುಡಕ್ಕೂ ನಡುವೆ ಇರುವುದು ಕಿರಿದಾದ ಒಂದು ಪಟ್ಟಿ ನೆಲ. ಗಜನಿ ಗದ್ದೆ, ತೆಂಗಿನ ತೋಟ, ಮೀನುಗಾರರ ಕೇರಿ, ಅಳಿವೆ, ಪೇಟೆ, ಕೊಂಕಣ ರೈಲು, ರಾಷ್ಟ್ರೀಯ ಹೆದ್ದಾರಿ ಎಲ್ಲವೂ ಈ ಪಟ್ಟಿಯೊಳಗೇ ಒತ್ತಿಕೊಂಡಿವೆ. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66 ಎನಿಸಿಕೊಂಡಿರುವ ಹೆದ್ದಾರಿ ಚತುಷ್ಪಥವಾಗಿ ಅಗಲಗೊಂಡಿದೆ. ಕುಮಟಾದಿಂದ ದೇವಿಮನೆ ಘಟ್ಟಕ್ಕೆ, ಹೊನ್ನಾವರದಿಂದ ಗೇರುಸೊಪ್ಪೆಯ ಕಡೆಗೆ, ಭಟ್ಕಳದಿಂದ ಕೋಗಾರು ಘಟ್ಟಕ್ಕೆ ಏರುವ ರಸ್ತೆಗಳು ಇಲ್ಲಿಂದಲೇ ಹೊರಡುತ್ತವೆ. ಕಾಸರಕೋಡಿನ ಟೊಂಕದಲ್ಲಿ ವಾಣಿಜ್ಯ ಬಂದರಿನ ವಿರುದ್ಧ ಮೀನುಗಾರರು ಹೋರಾಟಕ್ಕಿಳಿದರು. ಅದಕ್ಕೂ ಮೊದಲು, 2000ದ ದಶಕದಲ್ಲಿ, ಅಘನಾಶಿನಿಯ ಅಳಿವೆಯ ತದಡಿಯಲ್ಲಿ 4000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು, ಜನರ ವಿರೋಧವನ್ನು ಎದುರಿಸಿತ್ತು.

ಇಂಥ ಪ್ರತಿಯೊಂದು ಯೋಜನೆಯ ಬೆನ್ನಿಗೂ ಒಂದು ಆಶ್ವಾಸನೆ ಬರುತ್ತದೆ: ಹೊಗೆಯನ್ನು ಆಧುನಿಕ ತಂತ್ರಜ್ಞಾನದಿಂದ ನಿಯಂತ್ರಿಸಲಾಗುವುದು. ಆ ತಂತ್ರಜ್ಞಾನ ಯಾವುದು, ಅದು ಯಾವ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ, ಯಾವ ಸ್ಥಿತಿಯಲ್ಲಿ ಮಾಡುವುದಿಲ್ಲ ಎಂಬುದನ್ನು ಕೇಳುವವರು ವಿರಳ. ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳನ್ನು ನಿವಾರಿಸಲು ವಿಜ್ಞಾನಿಗಳು ಮೂರು ದಶಕಗಳಿಂದ ಅಭ್ಯಾಸ ಮಾಡುತ್ತಿರುವ ಬೆಳ್ಳಿಯ ವೇಗವರ್ಧಕವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆಯುತ್ತದೆ. ವಿಜ್ಞಾನ ಕೊಟ್ಟಿರುವ ಸಾಧನ ನಿಜವಾದದ್ದು, ಸ್ವಾಗತಾರ್ಹವಾದದ್ದು. ಆದರೆ ಸಾಧನವಿದೆ ಎಂಬ ಮಾತು ಶುದ್ಧ ಗಾಳಿಗೆ ಸಾಕ್ಷಿಯಲ್ಲ. ಅಳತೆ ಮಾತ್ರ ಸಾಕ್ಷಿ.

ಕಣ್ಣಿಗೆ ಕಾಣದ ಹೊಗೆ

ಲಾರಿಯ ಕೊಳವೆಯಿಂದ ಹೊರಡುವ ಕಪ್ಪು ಹೊಗೆ ಎಲ್ಲರಿಗೂ ಕಾಣುತ್ತದೆ. ಅದು ಪೂರ್ತಿ ಉರಿಯದ ಇಂಗಾಲದ ಮಸಿ. ಸಾರಜನಕದ ಆಕ್ಸೈಡುಗಳು ಹಾಗಲ್ಲ. ಅವುಗಳಿಗೆ ಬೇಕಾದ ಸಾರಜನಕ ಬಹುಪಾಲು ಬರುವುದು ಡೀಸೆಲಿನಿಂದಲ್ಲ, ಗಾಳಿಯಿಂದಲೇ. ಗಾಳಿಯ ಸುಮಾರು 78 ಭಾಗ ಸಾರಜನಕ. ಸಾಮಾನ್ಯ ಉಷ್ಣತೆಯಲ್ಲಿ ಅದು ಆಮ್ಲಜನಕದೊಡನೆ ಸೇರದೆ ತಟಸ್ಥವಾಗಿರುತ್ತದೆ. ಎಂಜಿನ್ನಿನೊಳಗೆ ಉರಿಯ ಉಷ್ಣತೆ 1500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎರಡೂ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತವೆ. ಹೊರಬಂದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ಮುಂಗಾರಿಗೆ ಮೊದಲು ಸಿಡಿಲು ಹೊಡೆದಾಗ ಆಗಸದಲ್ಲಿ ನಡೆಯುವುದೂ ಇದೇ ಕ್ರಿಯೆ. ಗುಡುಗಿನ ಮಳೆಯೊಡನೆ ಅಷ್ಟಿಷ್ಟು ಸಾರಜನಕ ಮಣ್ಣಿಗಿಳಿಯುವುದು ಇದರಿಂದಲೇ. ಸಿಡಿಲು ಆಗೊಮ್ಮೆ ಈಗೊಮ್ಮೆ ಹೊಡೆಯುತ್ತದೆ. ಹೆದ್ದಾರಿ ಹಗಲಿರುಳೂ ಉರಿಯುತ್ತದೆ.

ನೈಟ್ರೋಜನ್ ಡೈಆಕ್ಸೈಡಿನ ನಿಜವಾದ ಬಣ್ಣವನ್ನು ಈ ಸೀಮೆಯ ಅಕ್ಕಸಾಲಿಗರು ಬಲ್ಲರು. ಬೆಳ್ಳಿ ಬೆರೆತ ಚಿನ್ನವನ್ನು ಶುದ್ಧಗೊಳಿಸಲು ನೈಟ್ರಿಕ್ ಆಮ್ಲದಲ್ಲಿ ಹಾಕಿದಾಗ ಬೆಳ್ಳಿ ಕರಗುತ್ತದೆ, ಮೂಗು ಗಂಟಲು ಉರಿಸುವ ಕಂದು ಹೊಗೆ ಮೇಲೇಳುತ್ತದೆ. ಆ ಕಂದು ಹೊಗೆಯೇ ನೈಟ್ರೋಜನ್ ಡೈಆಕ್ಸೈಡ್. ರಸ್ತೆಯ ಗಾಳಿಯಲ್ಲಿ ಅದು ತೀರ ತೆಳುವಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ; ಆದರೂ ಶ್ವಾಸನಾಳವನ್ನು ಕೆರಳಿಸುತ್ತದೆ, ಉಬ್ಬಸವಿರುವ ಮಕ್ಕಳನ್ನೂ ವೃದ್ಧರನ್ನೂ ಮೊದಲು ಬಾಧಿಸುತ್ತದೆ. ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಝೋನನ್ನು ಹುಟ್ಟಿಸುತ್ತದೆ. ಓಝೋನು ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ಬೆಳೆಯ ಇಳುವರಿಯನ್ನು ತಗ್ಗಿಸುತ್ತದೆ.

ಇದು ಪೇಟೆಯವರ ಸಮಸ್ಯೆ, ಘಟ್ಟದ ಮೇಲಿನವರಿಗೆ ಸಂಬಂಧವಿಲ್ಲ ಎಂದುಕೊಳ್ಳುವಂತಿಲ್ಲ. ಹಗಲಿನಲ್ಲಿ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ. ಹೆದ್ದಾರಿಯ ಮೇಲೆ ಹುಟ್ಟಿದ ಅನಿಲ ಅದೇ ಗಾಳಿಯೊಡನೆ ಕಣಿವೆಗಳನ್ನು ಹಿಡಿದು ಮೇಲೇರುತ್ತದೆ. ಓಝೋನು ರೂಪುಗೊಳ್ಳಲು ಬೇಕಾದ ಬಿಸಿಲೂ ಸಮಯವೂ ಅದಕ್ಕೆ ದಾರಿಯಲ್ಲೇ ಸಿಗುತ್ತವೆ. ಮಳೆಗಾಲದಲ್ಲಿ ಮಳೆ ಗಾಳಿಯನ್ನು ತೊಳೆಯುತ್ತದೆ; ತೊಳೆದದ್ದು ನೈಟ್ರೇಟ್ ಆಗಿ ಮೊದಲೇ ಹುಳಿಯಾಗಿರುವ ಚಿರೆಕಲ್ಲಿನ ಮಣ್ಣಿಗೂ ಹಳ್ಳಕ್ಕೂ ಅಳಿವೆಗೂ ಸೇರುತ್ತದೆ. ಅಡಿಕೆ ತೋಟ, ಸೊಪ್ಪಿನಬೆಟ್ಟ, ಕಗ್ಗ ಭತ್ತದ ಗಜನಿ, ಬಳಚು ಹೆಕ್ಕುವವರ ಅಳಿವೆ ಇವೆಲ್ಲವೂ ಒಂದೇ ಗಾಳಿ, ಒಂದೇ ನೀರಿನ ಅಂಗಗಳು.

ಬೆಳ್ಳಿ ಮಾಡುವ ಕೆಲಸ

ಪೆಟ್ರೋಲ್ ವಾಹನದಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ವೇಗವರ್ಧಕ ಈ ಆಕ್ಸೈಡುಗಳನ್ನು ಸುಲಭವಾಗಿ ಒಡೆಯುತ್ತದೆ. ಡೀಸೆಲಿನಲ್ಲಿ ಅದು ಸಾಗದು. ಡೀಸೆಲ್ ಎಂಜಿನ್ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವುದರಿಂದ ಅದರ ಹೊಗೆಯಲ್ಲಿ ಆಮ್ಲಜನಕ ಧಾರಾಳವಾಗಿರುತ್ತದೆ. ಆಮ್ಲಜನಕವನ್ನು ಕಳಚಿಕೊಳ್ಳಬೇಕಾದ ಕ್ರಿಯೆಯನ್ನು ಆಮ್ಲಜನಕದ ನಡುವೆಯೇ ನಡೆಸಬೇಕಾದ ಸಂಕಟವಿದು. ಇದಕ್ಕೆ ಇಂದು ಬಳಕೆಯಲ್ಲಿರುವ ಪರಿಹಾರ ಯೂರಿಯಾ. 32.5 ಭಾಗ ಯೂರಿಯಾ ಕರಗಿಸಿದ ಶುದ್ಧ ನೀರನ್ನು ಬಿಸಿ ಹೊಗೆಗೆ ಸಿಂಪಡಿಸಿದರೆ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ ವೇಗವರ್ಧಕದ ಮೇಲೆ ಸಾರಜನಕದ ಆಕ್ಸೈಡುಗಳೊಡನೆ ಸೇರಿ ನಿರಪಾಯಕಾರಿ ಸಾರಜನಕವನ್ನೂ ನೀರನ್ನೂ ಉಳಿಸುತ್ತದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಭಾರತ್ ಸ್ಟೇಜ್-6 ನಿಯಮ ಜಾರಿಯಾದ ಬಳಿಕ ಬಂದ ದೊಡ್ಡ ಲಾರಿಗಳಲ್ಲಿ ಡೀಸೆಲ್ ತೊಟ್ಟಿಯ ಬಳಿ ನೀಲಿ ಮುಚ್ಚಳದ ಇನ್ನೊಂದು ತೊಟ್ಟಿ ಕಾಣುವುದು ಇದಕ್ಕಾಗಿ.

ಈ ವಿಧಾನಕ್ಕೆ ಎರಡನೆಯ ತೊಟ್ಟಿ ಬೇಕು, ಅದನ್ನು ತುಂಬಿಸುತ್ತಲೇ ಇರಬೇಕು, ಯೂರಿಯಾ ಸದಾ ದೊರೆಯುತ್ತಿರಬೇಕು. 2021ರಲ್ಲಿ ಚೀನಾ ಯೂರಿಯಾ ರಫ್ತಿಗೆ ಕಡಿವಾಣ ಹಾಕಿದಾಗ ದಕ್ಷಿಣ ಕೊರಿಯಾದಲ್ಲಿ ಲಾರಿ ಸಂಚಾರಕ್ಕೇ ತೊಡಕಾಯಿತು. ಯೂರಿಯಾದ ಹಂಗಿಲ್ಲದೆ, ಎಂಜಿನ್ನಿನ ಇಂಧನದಿಂದಲೇ ಅಥವಾ ಮದ್ಯಸಾರದಿಂದಲೇ ಈ ಕೆಲಸ ಆಗಬಾರದೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಬೆಳ್ಳಿ ಮುಖ್ಯವಾದುದು. ಜಪಾನಿನ ಮಿಯಾಡೆರಾ 1993ರಲ್ಲಿ, ಅಲ್ಯೂಮಿನಾದ ಮೇಲೆ ಸ್ವಲ್ಪ ಬೆಳ್ಳಿಯನ್ನು ಹರಡಿದ ವೇಗವರ್ಧಕ ಆಮ್ಲಜನಕ ಹೇರಳವಾಗಿದ್ದರೂ ಹೈಡ್ರೋಕಾರ್ಬನ್ನುಗಳ ಮತ್ತು ಎಥನಾಲ್‌ನಂಥ ಸಂಯುಕ್ತಗಳ ನೆರವಿನಿಂದ ನೈಟ್ರಿಕ್ ಆಕ್ಸೈಡನ್ನು ಒಡೆಯುತ್ತದೆ ಎಂದು ತೋರಿಸಿದರು. ಬೇಕಾಗುವ ಬೆಳ್ಳಿ ತೂಕದಲ್ಲಿ ನೂರಕ್ಕೆ ಸುಮಾರು ಎರಡು ಭಾಗ ಮಾತ್ರ. ಅದಕ್ಕಿಂತ ಬಹಳ ಹೆಚ್ಚಾದರೆ ಬೆಳ್ಳಿಯ ಕಣಗಳು ಗುಂಪುಗೂಡಿ ನೆರವಿಗೆ ಕೊಟ್ಟ ಹೈಡ್ರೋಕಾರ್ಬನನ್ನೇ ಸುಟ್ಟುಬಿಡುತ್ತವೆ, ಕೆಲಸ ಕೆಡುತ್ತದೆ. ಇಂಥ ವೇಗವರ್ಧಕವನ್ನು ತಯಾರಿಸುವ ಸಾಮಾನ್ಯ ಕ್ರಮವೂ ಕುತೂಹಲಕರ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಪಡೆದ ಸಿಲ್ವರ್ ನೈಟ್ರೇಟನ್ನು ಅಲ್ಯೂಮಿನಾಕ್ಕೆ ಹೀರಿಸಿ ಸುಡುತ್ತಾರೆ. ಅಕ್ಕಸಾಲಿಗನ ಕಂದು ಹೊಗೆಯಿಂದ ಹೊರಟ ಬೆಳ್ಳಿಯೇ ಕೊನೆಗೆ ಲಾರಿಯ ಹೊಗೆಯನ್ನು ಶುದ್ಧಗೊಳಿಸಲು ನಿಲ್ಲುತ್ತದೆ.

ಈ ವಿದ್ಯೆಗೆ ಕರ್ನಾಟಕದ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಮತ್ತು ಅವರ ವಿದ್ಯಾರ್ಥಿ ಕಿಂಗ್ಸ್‌ಲೀ 1988ರಲ್ಲಿ ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕೂಡಿಸಿ ಬಿಸಿ ಕುಲುಮೆಯಲ್ಲಿಟ್ಟು, ಕೆಲವೇ ನಿಮಿಷಗಳಲ್ಲಿ ಅದು ನೊರೆಯುಕ್ಕಿ ಹೊತ್ತಿ ಉರಿದು ಅಲ್ಯೂಮಿನಾದ ನುಣ್ಣನೆಯ ಪುಡಿಯಾಗುವ ಸರಳ ವಿಧಾನವನ್ನು ಪ್ರಕಟಿಸಿದರು. ಅದೇ ಸಂಸ್ಥೆಯಲ್ಲಿ ಪಾರ್ಥಸಾರಥಿ ಬೇರಾ, ಕೆ.ಸಿ. ಪಾಟೀಲ ಮತ್ತು ಎಂ.ಎಸ್. ಹೆಗಡೆ ಅವರು ದಹನ ವಿಧಾನದಿಂದ ಸೀರಿಯಂ ಆಕ್ಸೈಡಿನ ಮೇಲೆ ಬೆಳ್ಳಿಯನ್ನು ಹರಡಿ, ಅದು ನೈಟ್ರಿಕ್ ಆಕ್ಸೈಡನ್ನು ತಗ್ಗಿಸುವ ಬಗೆಯನ್ನು 2000ದಲ್ಲಿ ವರದಿ ಮಾಡಿದರು. ಶುದ್ಧ ಗಾಳಿಯ ರಸಾಯನಶಾಸ್ತ್ರ ಪರದೇಶದಿಂದ ಕೊಂಡು ತರಬೇಕಾದ ಸರಕಲ್ಲ ಎಂಬುದನ್ನು ಈ ಸೀಮೆಯ ವಿದ್ಯಾರ್ಥಿಗಳು ಅರಿಯಬೇಕು.

ಬೆಳ್ಳಿಗೂ ಮಿತಿಯಿದೆ

ಇಷ್ಟಾದರೂ ಬೆಳ್ಳಿಯ ವೇಗವರ್ಧಕ ಪ್ರಯೋಗಶಾಲೆಯಿಂದ ರಸ್ತೆಗೆ ವ್ಯಾಪಕವಾಗಿ ಇಳಿದಿಲ್ಲ. ಕಾರಣ ಮುಖ್ಯವಾಗಿ ಎರಡು.

ಮೊದಲನೆಯದು ಉಷ್ಣತೆ. ಅಲ್ಯೂಮಿನಾದ ಮೇಲಿನ ಬೆಳ್ಳಿ ಚೆನ್ನಾಗಿ ಕೆಲಸ ಮಾಡುವುದು ಸುಮಾರು 350ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ. ಹೊಗೆಗೆ ಅಷ್ಟಿಷ್ಟು ಜಲಜನಕ ಬೆರೆಸಿದರೆ ಇದು ಕೆಳಗಿನ ಉಷ್ಣತೆಯಲ್ಲೂ ಚುರುಕಾಗುತ್ತದೆಂದು 2000ದಲ್ಲಿ ಜಪಾನಿನಲ್ಲಿ ಕಂಡುಕೊಳ್ಳಲಾಯಿತು. ಆದರೆ ಲಾರಿಯಲ್ಲಿ ಜಲಜನಕವನ್ನು ಒದಗಿಸುವುದು ಇನ್ನೊಂದು ತೊಡಕು. ಇಂದಿನ ಯೂರಿಯಾ ವ್ಯವಸ್ಥೆಗೂ ಇಂಥದೇ ಮಿತಿಯಿದೆ: ಹೊಗೆ 200 ಡಿಗ್ರಿಗಿಂತ ತಣ್ಣಗಿದ್ದರೆ ಯೂರಿಯಾ ಸರಿಯಾಗಿ ವಿಭಜನೆಯಾಗದೆ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದನ್ನು ಈ ಸೀಮೆಯ ರಸ್ತೆಗೆ ಹೊಂದಿಸಿ ನೋಡಬೇಕು. ಭಾರ ಹೊತ್ತು ದೇವಿಮನೆ ಘಟ್ಟವನ್ನು ಏರುವ ಲಾರಿಯ ಎಂಜಿನ್ ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ, ಹೊಗೆ ಕಾದಿರುತ್ತದೆ, ವೇಗವರ್ಧಕ ಎಚ್ಚರವಾಗಿರುತ್ತದೆ. ಘಟ್ಟ ಇಳಿಯುವಾಗ ಎಂಜಿನ್ ಹೆಚ್ಚು ಉರಿಸುವುದಿಲ್ಲ, ವೇಗವರ್ಧಕ ತಣ್ಣಗಾಗುತ್ತದೆ. ಆಮೇಲೆ ಪೇಟೆಯ ದಟ್ಟಣೆಯಲ್ಲಿ ನಿಂತು, ಚಲಿಸಿ, ಮತ್ತೆ ನಿಲ್ಲುವಾಗ ಎಂಜಿನ್ ಹೊಗೆ ಬಿಡುತ್ತದೆ, ವೇಗವರ್ಧಕ ಮಾತ್ರ ನಿದ್ರಿಸುತ್ತಿರುತ್ತದೆ. ಜನವಸತಿ ಹೆಚ್ಚಿರುವ, ಶಾಲೆ ಆಸ್ಪತ್ರೆಗಳಿರುವ ಎಡೆಯಲ್ಲೇ ಸಾಧನ ದುರ್ಬಲವಾಗಿರುತ್ತದೆ.

ಎರಡನೆಯದು ಗಂಧಕ. ದೇವರ ಮನೆಯ ಬೆಳ್ಳಿಯ ದೀಪ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಸಂಯುಕ್ತಗಳಿಂದ ಎಂಬುದು ಎಲ್ಲ ಮನೆಯವರೂ ಕಂಡ ಸಂಗತಿ. ಹೊಗೆಯಲ್ಲಿನ ಗಂಧಕವೂ ಬೆಳ್ಳಿಯ ವೇಗವರ್ಧಕದ ಮೇಲೆ ಸಲ್ಫೇಟಾಗಿ ಕೂತು ಅದನ್ನು ಜಡಗೊಳಿಸುತ್ತದೆ. ದೇಶದ ಡೀಸೆಲಿನಲ್ಲಿ ಗಂಧಕದ ಮಿತಿ ಭಾರತ್ ಸ್ಟೇಜ್-3ರಲ್ಲಿ ಹತ್ತು ಲಕ್ಷಕ್ಕೆ 350 ಭಾಗವಿತ್ತು, 4ರಲ್ಲಿ 50 ಆಯಿತು, 6ರಲ್ಲಿ 10ಕ್ಕೆ ಇಳಿಯಿತು. ಇದು ದೊಡ್ಡ ಮುನ್ನಡೆ. ಆದರೆ ಹಡಗುಗಳ ಕಥೆ ಬೇರೆ. 2020ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆಯೂ ಹಡಗಿನ ಇಂಧನದಲ್ಲಿ ನೂರಕ್ಕೆ ಅರ್ಧ ಭಾಗ, ಎಂದರೆ ಹತ್ತು ಲಕ್ಷಕ್ಕೆ 5000 ಭಾಗ, ಗಂಧಕವಿರಬಹುದು. ಲಾರಿಯ ಡೀಸೆಲಿಗಿಂತ 500 ಪಟ್ಟು. ಇಂಥ ಹೊಗೆಯಲ್ಲಿ ಬೆಳ್ಳಿ ಹೆಚ್ಚು ದಿನ ಬಾಳದು.

ಬೆಳ್ಳಿಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಕರಗಿದ ಬೆಳ್ಳಿಯ ಅಯಾನು ಜಲಚರಗಳಿಗೆ ವಿಷ. ಚಿಪ್ಪುಜೀವಿಗಳು ಅದನ್ನು ಮೈಯಲ್ಲಿ ಶೇಖರಿಸಿಕೊಳ್ಳುತ್ತವೆ. ಒಂದು ಕಿಲೋ ವೇಗವರ್ಧಕದಲ್ಲಿ ಇರುವುದು ಸುಮಾರು 20 ಗ್ರಾಂ ಬೆಳ್ಳಿ ಮಾತ್ರ, ಅದೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಗಾಬರಿಗೆ ಕಾರಣವಿಲ್ಲ. ಆದರೆ ಆಯುಷ್ಯ ಮುಗಿದ ವೇಗವರ್ಧಕ ಯಾರ ಕೈಗೆ ಸೇರಬೇಕು, ಲೋಹವನ್ನು ಹೇಗೆ ಮರಳಿ ಪಡೆಯಬೇಕು ಎಂಬುದು ಸಾಧನ ಬರುವ ಮೊದಲೇ ತೀರ್ಮಾನವಾಗಬೇಕು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ದಂಡೆಯಲ್ಲಿ ಗುಜರಿಯ ರಾಶಿ ಬೀಳಬಾರದು.

ಅಳೆಯದ ನಿಯಮ

ಕಾಗದದ ಮೇಲೆ ನೋಡಿದರೆ ಪ್ರಗತಿ ಗಣನೀಯ. ಭಾರಿ ವಾಹನದ ಎಂಜಿನ್ನು ಒಂದು ಯೂನಿಟ್ ಶಕ್ತಿಗೆ ಹೊರಬಿಡಬಹುದಾದ ಸಾರಜನಕದ ಆಕ್ಸೈಡಿನ ಮಿತಿ ಭಾರತ್ ಸ್ಟೇಜ್-3ರಲ್ಲಿ 5 ಗ್ರಾಂ, 4ರಲ್ಲಿ 3.5 ಗ್ರಾಂ ಇತ್ತು. 6ರಲ್ಲಿ ಅರ್ಧ ಗ್ರಾಮಿಗೂ ಕಡಿಮೆ. ಆದರೆ ಈ ಮಿತಿ ಅನ್ವಯವಾಗುವುದು ಮುಖ್ಯವಾಗಿ ಹೊಸ ವಾಹನಕ್ಕೆ. ರಸ್ತೆಗಿಳಿದ ವಾಹನಕ್ಕೆ ಕಾಲಕಾಲಕ್ಕೆ ಪಡೆಯಬೇಕಾದ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಕ್ಕಾಗಿ ಡೀಸೆಲ್ ವಾಹನದಲ್ಲಿ ಪರೀಕ್ಷಿಸುವುದು ಹೊಗೆಯ ಸಾಂದ್ರತೆಯನ್ನು, ಎಂದರೆ ಮಸಿಯನ್ನು. ಸಾರಜನಕದ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಯೂರಿಯಾ ತೊಟ್ಟಿ ಖಾಲಿಯಿದ್ದರೂ, ವೇಗವರ್ಧಕ ಸತ್ತಿದ್ದರೂ ಪ್ರಮಾಣಪತ್ರಕ್ಕೆ ಅಡ್ಡಿಯಾಗದು.

ಅಳತೆಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ಸಾಕ್ಷಿಯಾಗಿದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ನಿಯಂತ್ರಿಸುವ ತಂತ್ರಾಂಶವಿತ್ತೆಂಬುದು ಬಯಲಾಯಿತು. ಕಂಪನಿಯ ಸುಳ್ಳು ಹೊರಬಿದ್ದುದು ಸ್ವತಂತ್ರ ಸಂಶೋಧಕರು ರಸ್ತೆಯ ಮೇಲೆಯೇ ವಾಹನದ ಹೊಗೆಯನ್ನು ಅಳೆದುದರಿಂದ.

ನಿಯಮವೇ ಸಡಿಲವಾಗುವ ಅಪಾಯವೂ ಇದೆ. 2004ರಿಂದ 2016ರ ನಡುವೆ ಸ್ಥಾಪನೆಯಾದ ಕಲ್ಲಿದ್ದಲು ವಿದ್ಯುತ್ ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಒಂದು ಘನ ಮೀಟರ್ ಹೊಗೆಗೆ 300 ಮಿಲಿಗ್ರಾಂ ಎಂಬ ಮಿತಿ ವಿಧಿಸಿತು. 2020ರಲ್ಲಿ ಅದನ್ನೇ 450ಕ್ಕೆ ಏರಿಸಲಾಯಿತು. ತಂತ್ರಜ್ಞಾನ ಬರುತ್ತದೆ ಎಂದು ಹೇಳಿ ಅನುಮತಿ ಪಡೆಯುವುದು, ಬಳಿಕ ತಂತ್ರಜ್ಞಾನ ದುಬಾರಿ ಎಂದು ಹೇಳಿ ಮಿತಿಯನ್ನೇ ಏರಿಸಿಕೊಳ್ಳುವುದು: ತದಡಿಯ ಸ್ಥಾವರವನ್ನು ವಿರೋಧಿಸಿದವರ ಅನುಮಾನ ಆಧಾರವಿಲ್ಲದ್ದಾಗಿರಲಿಲ್ಲ. ಹಡಗುಗಳ ವಿಷಯದಲ್ಲಂತೂ ಸಾರಜನಕದ ಆಕ್ಸೈಡಿನ ಅತ್ಯಂತ ಕಠಿಣವಾದ ಮೂರನೆಯ ಹಂತದ ನಿಯಮ ಉತ್ತರ ಅಮೆರಿಕ, ಬಾಲ್ಟಿಕ್ ಮತ್ತು ಉತ್ತರ ಸಮುದ್ರದಂಥ ಘೋಷಿತ ವಲಯಗಳಿಗೆ ಮಾತ್ರ ಅನ್ವಯಿಸುತ್ತದೆ. ಅರಬ್ಬೀ ಸಮುದ್ರದ ದಂಡೆ ಆ ವಲಯಗಳ ಹೊರಗಿದೆ. ಅಲ್ಲಿ ವೇಗವರ್ಧಕ ಹಚ್ಚಿಕೊಂಡು ಸಾಗುವ ಹಡಗು ಇಲ್ಲಿ ಅದನ್ನು ಬಳಸಲೇಬೇಕೆಂಬ ಕಟ್ಟಳೆಯಿಲ್ಲ.

ಹುಟ್ಟುವ ಮೊದಲೇ ತಡೆಯುವುದು

ಹುಟ್ಟಿದ ಹೊಗೆಯನ್ನು ತೊಳೆಯುವುದಕ್ಕಿಂತ ಹೊಗೆ ಹುಟ್ಟದಂತೆ ನೋಡಿಕೊಳ್ಳುವುದು ಅಗ್ಗ, ಖಚಿತ. ಇದಕ್ಕೆ ಉದಾಹರಣೆ ಇದೇ ದಂಡೆಯಲ್ಲಿದೆ. ಕೊಂಕಣ ರೈಲ್ವೆ 1999ರಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಸಾಗಿಸುವ ಸೇವೆಯನ್ನು ಆರಂಭಿಸಿತು; ಮುಂದೆ ಅದು ಸುರತ್ಕಲ್‌ವರೆಗೂ ವಿಸ್ತರಿಸಿತು. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣ ಪೂರ್ಣಗೊಂಡಿತು. ರೈಲೇರಿದ ಲಾರಿ ಕುಮಟಾ, ಹೊನ್ನಾವರ, ಭಟ್ಕಳಗಳನ್ನು ತನ್ನ ಎಂಜಿನ್ ಆರಿಸಿಕೊಂಡೇ ದಾಟುತ್ತದೆ. ಆ ವಿದ್ಯುತ್ತು ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ, ನಿಜ; ಆದರೂ ಉಕ್ಕಿನ ಹಳಿಯ ಮೇಲೆ ಸರಕು ಸಾಗಿಸಲು ಬೇಕಾಗುವ ಶಕ್ತಿ ರಸ್ತೆಗಿಂತ ಬಹಳ ಕಡಿಮೆ. ಯಾವ ವೇಗವರ್ಧಕವೂ ಮಾಡಲಾಗದಷ್ಟು ಕೆಲಸ ಇದು.

ಇದಕ್ಕೆ ತದ್ವಿರುದ್ಧವಾದ ಪಾಠವೂ ನೆರೆಯಲ್ಲೇ ದೊರೆತಿದೆ. ಬಳ್ಳಾರಿಯ ಕಬ್ಬಿಣದ ಅದಿರು ಅರಬೈಲು ಘಟ್ಟ ಇಳಿದು ಬೇಲೇಕೇರಿಗೆ ಲಾರಿಗಳಲ್ಲಿ ಸಾಗಿದ ವರ್ಷಗಳಲ್ಲಿ ದಾರಿಯುದ್ದದ ಊರುಗಳು ಧೂಳನ್ನೂ ಹೊಗೆಯನ್ನೂ ಉಂಡವು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ ಮೇಲೆ ಆ ಲಾರಿಗಳ ಸಾಲು ಕರಗಿತು. ಗಾಳಿ ತಿಳಿಯಾದದ್ದು ಯಂತ್ರದಿಂದಲ್ಲ, ನಿರ್ಧಾರದಿಂದ.

ಗ್ರಾಮಸಭೆಗಳು ಕೇಳಬೇಕಾದುದು

ದೇಶದ 2009ರ ಗಾಳಿಯ ಗುಣಮಟ್ಟದ ಮಾನದಂಡ ನೈಟ್ರೋಜನ್ ಡೈಆಕ್ಸೈಡಿಗೆ ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 40 ಮೈಕ್ರೋಗ್ರಾಂ ಎಂದೂ, ಕೇಂದ್ರ ಸರ್ಕಾರ ಅಧಿಸೂಚಿಸಿದ ಪರಿಸರ ಸೂಕ್ಷ್ಮ ಪ್ರದೇಶಗಳಲ್ಲಿ 30 ಎಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಪ್ರಮಾಣ 10 ಮಾತ್ರ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಅಧಿಸೂಚನೆ 2014ರಿಂದ ಕರಡಾಗಿ ಬರುತ್ತಲೇ ಇದೆ. 2024ರ ಜುಲೈನಲ್ಲಿ ಹೊರಟದ್ದು ಆರನೆಯ ಕರಡು. ಆ ಅಧಿಸೂಚನೆಯ ಬಗ್ಗೆ ಹಳ್ಳಿಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಉಸಿರಾಡುವ ಗಾಳಿಯ ಲೆಕ್ಕ ತಿಳಿಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಆದ್ದರಿಂದ ಪಂಚಾಯತಿಗಳೂ ಗ್ರಾಮಸಭೆಗಳೂ ಠರಾವಿನ ಮೂಲಕ ಮುಂದಿಡಬೇಕಾದ ಬೇಡಿಕೆಗಳು ಹೀಗಿರಬಹುದು. ಒಂದು, ಕುಮಟಾ, ಹೊನ್ನಾವರ, ಭಟ್ಕಳ ಪೇಟೆಗಳಲ್ಲಿ ಹೆದ್ದಾರಿಯ ಅಂಚಿನಲ್ಲೂ ಘಟ್ಟದ ಬುಡದಲ್ಲೂ ನೈಟ್ರೋಜನ್ ಡೈಆಕ್ಸೈಡ್ ಮತ್ತು ಓಝೋನಿನ ಅಳತೆ ನಿರಂತರವಾಗಿ ನಡೆಯಬೇಕು, ಅಂಕಿಗಳು ಕನ್ನಡದಲ್ಲಿ ಪಂಚಾಯತಿ ಕಚೇರಿಯಲ್ಲಿ ಪ್ರಕಟವಾಗಬೇಕು. ಎರಡು, ಭಾರಿ ವಾಹನಗಳ ಪರೀಕ್ಷೆಯಲ್ಲಿ ಸಾರಜನಕದ ಆಕ್ಸೈಡಿನ ಅಳತೆಯೂ ಯೂರಿಯಾ ವ್ಯವಸ್ಥೆಯ ತಪಾಸಣೆಯೂ ಸೇರಬೇಕು. ಮೂರು, ಬಂದರು ಅಥವಾ ಕಾರ್ಖಾನೆ ಬರುವುದಾದರೆ ಅದರ ವರದಿಯಲ್ಲಿ ವೇಗವರ್ಧಕದ ಹೆಸರು, ಅದು ಕೆಲಸ ಮಾಡುವ ಉಷ್ಣತೆ, ಇಂಧನದ ಗಂಧಕ, ಬದಲಾಯಿಸುವ ಅವಧಿ, ಹಳೆಯದರ ವಿಲೇವಾರಿ ಇವೆಲ್ಲ ಸ್ಪಷ್ಟವಾಗಿರಬೇಕು. ನಾಲ್ಕು, ಯೋಜನೆಯಿಂದ ಹೆಚ್ಚುವ ಸರಕಿನಲ್ಲಿ ಎಷ್ಟು ಪಾಲು ರೈಲಿನಲ್ಲಿ ಸಾಗುತ್ತದೆ ಎಂಬುದು ಅನುಮತಿಯ ಷರತ್ತಾಗಬೇಕು.

ಇದಕ್ಕೆ ಕಾನೂನಿನ ಆಸರೆಯಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಜನಾಭಿಪ್ರಾಯ ಸಭೆಗೆ ಮುನ್ನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಅನುಮತಿ ಪಡೆದವರು ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕಾರವಾರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಯಾವ ಪ್ರಜೆಯೂ ಅರ್ಜಿ ಹಾಕಬಹುದು. ಕಾಲೇಜುಗಳ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಈ ವರದಿಗಳನ್ನು ತರಿಸಿ ಓದಿ ಹಳ್ಳಿಗರಿಗೆ ವಿವರಿಸಿದರೆ ಪಾಠಕ್ಕೂ ಊರಿಗೂ ಪ್ರಯೋಜನ.

ಬೆಳ್ಳಿಯ ವೇಗವರ್ಧಕ ನಾಳೆ ಪಕ್ವವಾಗಿ ಬಂದರೆ ಅದನ್ನು ಸ್ವಾಗತಿಸಬೇಕು. ವಿಜ್ಞಾನವನ್ನು ಅಲ್ಲಗಳೆದು ಯಾವ ಪರಿಸರ ಚಳವಳಿಯೂ ಉಳಿಯದು. ಆದರೆ ಎಷ್ಟು ಉಷ್ಣತೆಯಲ್ಲಿ, ಎಷ್ಟು ಗಂಧಕದ ನಡುವೆ, ಎಷ್ಟು ಕಾಲ ಸಾಧನ ದುಡಿಯುತ್ತದೆ ಎಂದು ಅಳೆದು ಹೇಳುವುದೇ ವಿಜ್ಞಾನ. ಅಳೆಯದೆ ಕೊಡುವ ಆಶ್ವಾಸನೆ ಕೇವಲ ಜಾಹೀರಾತು. ಮುಂದಿನ ಜನಾಭಿಪ್ರಾಯ ಸಭೆಯಲ್ಲಿ ಆಧುನಿಕ ತಂತ್ರಜ್ಞಾನದ ಹೆಸರು ಕೇಳಿಬಂದಾಗ ಸಭಿಕರು ಕೈಯೆತ್ತಿ ಆ ಅಂಕಿಗಳನ್ನೇ ಕೇಳಬೇಕು, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಬೇಕು.